ಸ್ಟೀಲ್ ಚಿಮಣಿ ಪೈಪಿಗೆ ತೂತು: ಫಿಟ್ಟರ್‌ಗೆ ಕೇಳಿ

ಮಡಿಕೇರಿ ಹೋಂಸ್ಟೇ: ಸರ್, ಫೈರ್‌ಪ್ಲೇಸ್ ಚಿಮಣಿಗೆ ಸ್ಟೀಲ್ ಒಳಪೈಪು ಹಾಕಿಸಿ ಮೂರು ವರ್ಷ. ಬಿಲ್ಲಿನಲ್ಲಿ 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ಗ್ರೇಡ್) ಅಂತಿದೆ. ಈಗ ಜಾಯಿಂಟಿನಲ್ಲಿ ಕಂದು ನೀರು ಸೋರುತ್ತಿದೆ, ಸೂಜಿ ಚುಚ್ಚಿದ ಹಾಗೆ ತೂತುಗಳು. ಮಳೆಗಾಲದಲ್ಲಿ ಸೌದೆ ಹಸಿ, ಹುಡುಗರು ಫ್ಲೆಕ್ಸ್ ಬ್ಯಾನರ್ ಚೂರು ಹಾಕಿ ಹೊತ್ತಿಸುತ್ತಾರೆ. ಪೈಪು ಹಾದುಹೋಗುವ ಮೇಲಿನ ರೂಮಿನಲ್ಲಿ ಮಲಗಿದವರಿಗೆ ಬೆಳಿಗ್ಗೆ ತಲೆನೋವಂತೆ. ಪೇಸ್ಟ್ ಹಚ್ಚಿದರೆ ಸಾಕಾ?

ಫಿಟ್ಟರ್: ಮೇಡಂ, ಪೇಸ್ಟ್ ಮಾತು ಆಮೇಲೆ. ಈಗಲೇ ಬೆಂಕಿ ಆರಿಸಿ. ಮೇಲಿನ ರೂಮಿಗೆ ಯಾರನ್ನೂ ಬಿಡಬೇಡಿ. ತಲೆನೋವಿಗೆ ಕಾರಣ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ತಲೆನೋವು ಬಂದವರನ್ನು ಡಾಕ್ಟರಿಗೆ ತೋರಿಸಿ.

ಇನ್ನು ತೂತು. ಸ್ಟೀಲನ್ನು ಕಾಯುವುದು ಮೈಮೇಲಿನ ತೆಳು ಕ್ರೋಮಿಯಂ ಆಕ್ಸೈಡ್ ಪೊರೆ. ಫ್ಲೆಕ್ಸ್ ಮೇಲಿರುವುದು ಪಿವಿಸಿ ಪ್ಲಾಸ್ಟಿಕ್. ಪಿವಿಸಿ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್, ಸುಟ್ಟರೆ ಹೈಡ್ರೋಕ್ಲೋರಿಕ್ ಆಸಿಡ್ ಹೊಗೆ. ಹಸಿ ಸೌದೆಯ ಆವಿ ಪೈಪಿನ ತಣ್ಣಗಿರುವ ಕಡೆ ನೀರಾಗುತ್ತದೆ, ಆಸಿಡ್ ಅದರಲ್ಲಿ ಕರಗುತ್ತದೆ. ಪೊರೆ ಒಂದು ಚುಕ್ಕೆಯಷ್ಟು ಹೋದರೂ ಸಾಕು, ಅಲ್ಲೇ ಕೊರೆಯುತ್ತಾ ಒಳಗಿಳಿಯುತ್ತದೆ. ಉಳಿದ ಪೈಪು ಫಳಫಳ ಅಂತಲೇ ಇರುತ್ತದೆ. ಜಾಯಿಂಟಿನ ಸಂದಿಯಲ್ಲಿ ನೀರು ನಿಲ್ಲುತ್ತದಲ್ವಾ, ಅದಕ್ಕೇ ಅಲ್ಲಿ ಮೊದಲು. ಬೆಂಕಿ ಹಾಕದ ತಿಂಗಳುಗಳಲ್ಲೂ ಮಸಿ ತೇವ ಹೀರಿಕೊಂಡು ತಿನ್ನುತ್ತಲೇ ಇರುತ್ತದೆ. ಸೀಸನ್ ಮುಗಿದ ಕೂಡಲೇ ಬ್ರಷ್ ಹಾಕಿಸಬೇಕು.

ಪೈಪು ಪೂರ್ತಿ ಬದಲಿಸಿ, 316ಎಲ್ ಹಾಕಿಸಿ. ಅದರಲ್ಲಿ 2ರಿಂದ 3% ಮಾಲಿಬ್ಡಿನಂ ಅನ್ನೋ ಲೋಹ ಇದೆ, ಆ ಆಸಿಡ್‌ನಲ್ಲಿರುವ ಕ್ಲೋರೈಡಿಗೆ ಸ್ವಲ್ಪ ತಡೆಯುತ್ತದೆ. ಫ್ಲೆಕ್ಸ್ ಸುಟ್ಟರೆ ಅದೂ ಉಳಿಯಲ್ಲ.

ಸಕಲೇಶಪುರ: ಆಯಸ್ಕಾಂತ ಅಂಟದಿದ್ದರೆ 304 ಗ್ಯಾರಂಟಿ ಅಲ್ವಾ?

ಫಿಟ್ಟರ್: ಇಲ್ಲ. ಅಗ್ಗದ 202 ಕೂಡ ಅಂಟಲ್ಲ.

ಶೃಂಗೇರಿ: *ಫಾರ್ವರ್ಡ್* ಉರಿಯುವ ಬೆಂಕಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ, ಚಿಮಣಿ ಮಸಿ ತಾನೇ ಉದುರುತ್ತದೆ!! ಎಲ್ಲರಿಗೂ ತಿಳಿಸಿ 🙏

ಫಿಟ್ಟರ್: ಉಪ್ಪಿನಲ್ಲಿರುವುದೂ ಕ್ಲೋರೈಡೇ. ಮೇಲೆ ಅಷ್ಟುದ್ದ ಬರೆದದ್ದು ಯಾರಿಗೆ?

ಕೊಪ್ಪ: ನಮ್ಮ ಬಚ್ಚಲೊಲೆಗೆ ಅಜ್ಜಿ ಕಾಲದಿಂದ ಉಪ್ಪು ಹಾಕುತ್ತೇವೆ. ಏನೂ ಆಗಿಲ್ಲ.

ಸಾಗರ: ನಿಮ್ಮದು ಇಟ್ಟಿಗೆ ಚಿಮಣಿ. ಇಲ್ಲಿ ಮಾತಾಡ್ತಿರೋದು ಸ್ಟೀಲ್ ಬಗ್ಗೆ.

ಕೊಪ್ಪ: ಇಟ್ಟಿಗೆ ಬಿಟ್ಟು ತಗಡು ಸುತ್ತಿ ಅಂತ ಹೇಳಿದ್ದು ಯಾರು ಮಾರಾಯ್ರೆ?

ಸಾಗರ: ಇಟ್ಟಿಗೆ ಬಿರುಕು ಬಿಟ್ಟಾಗ ಇಲ್ಲೇ ಬಂದು ಅಳಬೇಡಿ.

ಬೆಂಗಳೂರು: 316ಎಲ್ ಅಡಿಗೆ ಎಷ್ಟಾಗುತ್ತೆ?

ಶೃಂಗೇರಿ: ಹಾಗಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬಹುದಾ ಸರ್?

ಫಿಟ್ಟರ್: ಅದೂ ಅದೇ ಹೈಡ್ರೋಕ್ಲೋರಿಕ್ ಸ್ವಾಮಿ! ಸುಮ್ನೆ ಬ್ರಷ್ ಹಾಕಿ.

ಹಾಸನ: ಆಯಸ್ಕಾಂತ ಇಟ್ಟು ನೋಡಿದರೆ 304 ಗೊತ್ತಾಗುತ್ತಾ?

ಫಿಟ್ಟರ್: ಮೇಲೆ ಓದಿ. ಅಂಗಡಿಯಲ್ಲಿ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಸ್ಟೀಲಿನಲ್ಲಿ ಏನೇನು ಎಷ್ಟಿದೆ ಅಂತ ಕಾರ್ಖಾನೆ ಕೊಡುವ ಚೀಟಿ.

ಕೊಪ್ಪ: ನಮ್ಮ ಇಟ್ಟಿಗೆಗೆ ಸರ್ಟಿಫಿಕೇಟೂ ಬೇಡ.

ಫಿಟ್ಟರ್: ಮಡಿಕೇರಿ ಮೇಡಂ, ಮೇಲಿನ ರೂಮು ಖಾಲಿ ಮಾಡಿಸಿದ್ರಾ? ಬೇರೆ ಯಾರೂ ಉತ್ತರ ಕೊಡಬೇಡಿ.