ಬಣ್ಣ ಬಂದ ರೂಪಾಯಿ: ಮನೆ ಗುಂಪಿನ ಜಟಾಪಟಿ

ವಿನಯ: [3 ಫೋಟೋ] 1901ರ ವಿಕ್ಟೋರಿಯಾ ರೂಪಾಯಿ. ರೇನ್‌ಬೋ ಟೋನಿಂಗ್ (ಬೆಳ್ಳಿ ಮೇಲೆ ಕಾಮನಬಿಲ್ಲಿನಂಥ ಬಣ್ಣ), ತಾನಾಗೇ ಬಂದಿದ್ದು ಅಂತ ಮಾರೋರು ಅಂತಿದಾರೆ. ಮಾಮೂಲಿ ರೇಟಿನ ನಾಲ್ಕು ಪಟ್ಟು. ತಗೊಳ್ಳಲಾ ಚಿಕ್ಕಪ್ಪ?

ಸುಧೀಂದ್ರ ಚಿಕ್ಕಪ್ಪ: ಬೇಡ. ಮಾಡಿಸಿದ ಬಣ್ಣ ಅದು.

ಭಾರತಿ ಅತ್ತೆ: ಒಂದೇ ಮಾತಲ್ಲಿ ತೀರ್ಪು ಕೊಡ್ಬೇಡ ಸುಧಿ. ಯಾಕೆ ಅಂತ ಹೇಳು.

ಸುಧೀಂದ್ರ ಚಿಕ್ಕಪ್ಪ: ರಾಣಿ ಕೆನ್ನೆ ನೋಡಕ್ಕ, ಸವೆದು ನುಣುಪಾಗಿದೆ. ಚಲಾವಣೆ ಕಾಲದ ಬಣ್ಣ ಆಗಿದ್ರೆ ಕೆನ್ನೆ, ಕಿರೀಟ ಬೆಳ್ಳಗಿದ್ದು ಅಕ್ಷರದ ಸಂದಿಲಿ ಕಪ್ಪು ಕೂತಿರ್ಬೇಕು. ಇಲ್ಲಿ ಕೆನ್ನೆ ಮೇಲೂ ಸಂದಿಲೂ ಅದೇ ನೇರಳೆ. ಮುಖದ ಮುಂದಿನ ಖಾಲಿ ಜಾಗ ಜೂಮ್ ಮಾಡು: ಕೂದಲೆಳೆಯಂಥ ಗೀರು, ಎಲ್ಲಾ ಒಂದೇ ದಿಕ್ಕಿಗೆ. ಯಾರೋ ಹಬ್ಬಕ್ಕೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದಾರೆ. ಗೀರಿನೊಳಗೂ ಬಣ್ಣ ಇಳಿದಿದೆ. ಅಂದ್ರೆ ತಿಕ್ಕಿದ ಮೇಲೆ ಬಂದಿದ್ದು.

ಭಾರತಿ ಅತ್ತೆ: ತಿಕ್ಕಿದ ಮೇಲೆ ಬಂದಿದ್ದು, ಒಪ್ಪಿದೆ. ಮಾಡಿಸಿದ್ದು ಅನ್ನೋದು ಎಲ್ಲಿಂದ ಬಂತು? ಐವತ್ತು ವರ್ಷದ ಹಿಂದೆ ತಿಕ್ಕಿ, ಕಾಗದ ಸುತ್ತಿ ಟ್ರಂಕಲ್ಲಿಟ್ಟಿದ್ರೆ ಕೆನ್ನೆಗೂ ಬಣ್ಣ ಹತ್ತುತ್ತೆ. ಆಮೇಲೆ ಯಾರೂ ಕೈಯಾಡಿಸಿಲ್ವಲ್ಲ.

ವಿನಯ: ಬಣ್ಣದ ಕ್ರಮ ನೋಡಿದ್ರೆ ಗೊತ್ತಾಗುತ್ತೆ ಅಂತಾರಲ್ಲ ಅತ್ತೆ?

ಭಾರತಿ ಅತ್ತೆ: ಅಲ್ಲೇ ಎಲ್ಲರೂ ಎಡವೋದು. ಗಾಳಿಯ ಗಂಧಕ ಬೆಳ್ಳಿಗೆ ಹತ್ತಿ ಸಲ್ಫೈಡಿನ ತೆಳು ಪೊರೆ ಕಟ್ಟುತ್ತೆ. ನೀರಿನ ಮೇಲೆ ಎಣ್ಣೆ ಹರಡಿದಾಗ ಬಣ್ಣ ಕಾಣೋ ಹಾಗೇ ಇದೂ. ಪೊರೆ ದಪ್ಪ ಆದಂಗೆ ಮೊದಲು ತಿಳಿಹಳದಿ, ಆಮೇಲೆ ಕಂದುಗೆಂಪು, ನೇರಳೆ, ನೀಲಿ, ಮತ್ತೊಂದು ಸುತ್ತು ಹಳದಿ, ಗುಲಾಬಿ, ಹಸಿರು, ಕೊನೆಗೆ ಕಪ್ಪು. ಬೇಯಿಸಿದ ಮೊಟ್ಟೆಯ ಹಳದಿ ಪುಡಿ ಮಾಡಿ ನಾಣ್ಯದ ಜೊತೆ ಡಬ್ಬಿಲಿ ಮುಚ್ಚಿಟ್ರೂ ಕಟ್ಟೋದು ಅದೇ ಪೊರೆ, ಬರೋದು ಅದೇ ಕ್ರಮ. ಟ್ರಂಕಲ್ಲಿ ದಶಕಗಟ್ಟಲೆ ಹಿಡಿಯೋದು ಡಬ್ಬಿಲಿ ಗಂಟೆಗಳಲ್ಲಿ ಆಗುತ್ತೆ, ಅಷ್ಟೇ.

ಸುಧೀಂದ್ರ ಚಿಕ್ಕಪ್ಪ: ಆ ಅವಸರವೇ ಕಣ್ಣಿಗೆ ಹೊಡೆಯೋದು ಅಕ್ಕ. ನಿಧಾನಕ್ಕೆ ಬಂದ ಬಣ್ಣ ಸಾಮಾನ್ಯವಾಗಿ ಅಂಚಿಂದ ಒಳಗೆ ಹಂತಹಂತವಾಗಿ ಕರಗುತ್ತೆ, ಅಕ್ಷರದ ಬುಡದ ಸುತ್ತ ತೆಳು ಬಿಳಿ ಅಂಚು ಉಳಿಯುತ್ತೆ. ಇಲ್ಲಿ ಹಳದಿ ಪಕ್ಕ ಸೀದಾ ನೀಲಿ. ನಡುವಿನ ಕೆಂಪು ಎಲ್ಲೋಯ್ತು? ನಾಣ್ಯ ಪರೀಕ್ಷಿಸಿ ದರ್ಜೆ ಕೊಡೋ ಪಿಸಿಜಿಎಸ್ ಕಂಪನಿಗೆ ಕಳಿಸಿದ್ರೆ ‘ಕ್ವೆಶ್ಚನಬಲ್ ಕಲರ್’ (ಅನುಮಾನದ ಬಣ್ಣ) ಅಂತ ಬರೆದು ವಾಪಸ್ ಕಳಿಸ್ತಾರೆ. ತಿಕ್ಕಿದ ಗೀರಿಗಂತೂ ಮಾಫಿ ಇಲ್ಲ.

ವಿನಯ: ಇಂಕು, ವಾರ್ನಿಷ್ ಕರಗಿಸೋ ಅಸಿಟೋನ್ ದ್ರವದಲ್ಲಿ ಹಾಕಿ ನೋಡಿದ್ರೆ?

ಭಾರತಿ ಅತ್ತೆ: ಬಣ್ಣ ಬಿಟ್ರೆ ಇಂಕು ಅಥವಾ ವಾರ್ನಿಷ್ ಅಂತ ಗೊತ್ತಾಗುತ್ತೆ. ಬಿಡದಿದ್ರೆ ಏನೂ ಸಾಬೀತಾಗಲ್ಲ, ಸಲ್ಫೈಡ್ ಅಸಿಟೋನಲ್ಲಿ ಕರಗಲ್ಲ. ಮಾಡೋದಾದ್ರೆ ಗಾಜಿನ ಬಟ್ಟಲು, ಶುದ್ಧ ಅಸಿಟೋನ್, 5 ನಿಮಿಷ. ಉಜ್ಜಬಾರದು, ಒರೆಸಬಾರದು, ಗಾಳಿಗೆ ಆರಲಿ. ಕಿಟಕಿ ತೆಗೆದಿರ್ಲಿ, ಹತ್ರ ಒಲೆ, ದೀಪ ಬೇಡ. ನೇಲ್ ಪಾಲಿಷ್ ರಿಮೂವರ್ ಬೇಡವೇ ಬೇಡ, ಅದ್ರಲ್ಲಿ ಎಣ್ಣೆ, ಸೆಂಟು ಎಲ್ಲ ಇರುತ್ತೆ.

ಸುಧೀಂದ್ರ ಚಿಕ್ಕಪ್ಪ: ಕೊಳ್ಳದೇ ಇರೋ ನಾಣ್ಯಕ್ಕೆ ಸ್ನಾನ ಯಾಕೆ? ತೂಕ ಕೇಳು, ಅಂಚಿನ ಫೋಟೋನೂ ಕೇಳು. 11.66 ಗ್ರಾಂ ಇರ್ಬೇಕು, ಸವೆದಿದ್ರೆ ಸ್ವಲ್ಪ ಕಮ್ಮಿ.

ವಿನಯ: ತೂಕ 11.58 ಅಂತೆ. [ಫೋಟೋ] ಇದು ಅಂಚು.

ಸುಧೀಂದ್ರ ಚಿಕ್ಕಪ್ಪ: ಕಿರೀಟದ ನೇರಕ್ಕೆ ನೋಡು. ಅಂಚಿನ ಹಲ್ಲು ನಾಲ್ಕೈದು ಮಾಯ, ಅರ ಹಾಕಿ ಉಜ್ಜಿದ ಗುರುತು. ಕೊಂಡಿ ಬೆಸೆದು ಸರಕ್ಕೆ ಹಾಕಿದ್ರು, ಆಮೇಲೆ ಕಾಯಿಸಿ ಕಿತ್ತಿದಾರೆ. ನೀಲಿ ಶುರುವಾಗಿರೋದೂ ಅಲ್ಲಿಂದಲೇ.

ಭಾರತಿ ಅತ್ತೆ: ಹ್ಞೂಂ. ಇದು ಶೇ. 91.7 ಬೆಳ್ಳಿ, ಉಳಿದಿದ್ದು ತಾಮ್ರ. ಕಾಯಿಸಿದ ಕಡೆ ಮೊದಲು ಬಣ್ಣ ತಿರುಗೋದು ಆ ತಾಮ್ರ. ಮೇಲಿನ ನೀಲಿಗೆ ಅದು ಸಾಕು. ಕೆಳಗಿನ ನೇರಳೆ ಮೊಟ್ಟೆದೋ ಟ್ರಂಕಿಂದೋ, ಫೋಟೋಲಿ ನಾನಂತೂ ಹೇಳಲ್ಲ.

ಸುಧೀಂದ್ರ ಚಿಕ್ಕಪ್ಪ: ನಾನು ಹೇಳ್ತೀನಿ, ಮೊಟ್ಟೆ 😀 ಕೊಂಡಿ ಕಿತ್ತ ನಾಣ್ಯಕ್ಕೆ ಬೆಳ್ಳಿ ತೂಕದ ಮೇಲೆ ಒಂದು ರೂಪಾಯಿನೂ ಜಾಸ್ತಿ ಕೊಡ್ಬೇಡ.

ವಿನಯ: ಆಯ್ತು, ಬೇಡ ಅಂದೆ. ಅವರ ಹತ್ರ 1947ರ ಹುಲಿ ರೂಪಾಯಿನೂ ಇದೆ, ಅದೂ ರೇನ್‌ಬೋ ಅಂತೆ.

ಭಾರತಿ ಅತ್ತೆ: ಅದು ನಿಕ್ಕಲ್ ಕಣೋ! ಮ್ಯಾಗ್ನೆಟ್‌ಗೆ ಅಂಟುತ್ತೆ. ಬೆಳ್ಳಿ ಥರ ಬಣ್ಣ ಅದಕ್ಕೆಲ್ಲಿಂದ ಬಂತು ಅಂತ ಅವರನ್ನೇ ಕೇಳು.