ರವೆನ್ನಾದ ಸಾನ್ ವಿಟಾಲೆ ಚರ್ಚ್ ಒಳಗಿನ ಚಿತ್ರಗಳು ಅಷ್ಟೊಂದು ಹೊಳೆಯೋದು ಹೇಗೆ?

ಪ್ರಶ್ನೆ: ಇಟಲಿ ಟ್ರಿಪ್‌ನಲ್ಲಿ ರವೆನ್ನಾಗೆ ಹೋಗಿದ್ವಿ. ಹೊರಗಿಂದ ಬರೀ ಇಟ್ಟಿಗೆ ಗೋಡೆ, ಎಂಟು ಮೂಲೆ ಕಟ್ಟಡ, ಒಳಗೆ ಕಾಲಿಟ್ರೆ ಮಾತೇ ಹೊರಡ್ಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಚಿನ್ನ ಬೇರೆ ಥರ ಮಿನುಗುತ್ತೆ. ಏನಿದರ ಗುಟ್ಟು? ಕಟ್ಟಿಸಿದ್ದು ಬೈಜಾಂಟಿಯನ್ (ಪೂರ್ವ ರೋಮನ್) ಚಕ್ರವರ್ತಿ ಜಸ್ಟಿನಿಯನ್ನೇನಾ?

ಉತ್ತರ 1: ಅದು ಪೇಂಟ್ ಅಲ್ಲ ಸರ್, ಮೊಸಾಯಿಕ್. ಗಾಜಿನ ಎರಡು ಪದರದ ಮಧ್ಯೆ ತೆಳ್ಳನೆ ಚಿನ್ನದ ರೇಕು ಇಟ್ಟು ಚೂರು ಮಾಡಿ, ಹಸಿ ಗಾರೆಗೆ ಒಂದೊಂದೇ ಒತ್ತೋದು, ಎಲ್ಲಾನೂ ಒಂದೇ ಸಮ ಕೂರಿಸದೆ ಸ್ವಲ್ಪ ಓರೆಯಾಗಿ ಇಡ್ತಿದ್ರು, ಅದಕ್ಕೇ ನೀವು ನಡೆದ ಹಾಗೆ ಬೆಳಕು ಬದಲಾಗುತ್ತೆ.

ಉತ್ತರ 2: ಜಸ್ಟಿನಿಯನ್ ಅಲ್ಲ. ಅಲ್ಲಿ ಗೋಥರ (ಜರ್ಮನಿಕ್ ಜನಾಂಗ) ಆಳ್ವಿಕೆ ಇದ್ದಾಗ್ಲೇ ಬಿಷಪ್ ಎಕ್ಲೇಸಿಯಸ್ ಶುರು ಮಾಡಿದ್ದು, ದುಡ್ಡು ಹಾಕಿದ್ದು ಯೂಲಿಯಸ್ ಅರ್ಜೆಂಟೇರಿಯಸ್ ಅನ್ನೋರು, 26,000 ಚಿನ್ನದ ನಾಣ್ಯ ಅಂತಾರೆ. ಕ್ರಿ.ಶ. 540ರಲ್ಲಿ ಬೈಜಾಂಟಿಯನ್ ಸೇನೆ ಊರು ಗೆದ್ದ ಮೇಲೆ 547ರಲ್ಲಿ ಬಿಷಪ್ ಮ್ಯಾಕ್ಸಿಮಿಯಾನಸ್ ಪ್ರತಿಷ್ಠೆ ಮಾಡಿದ್ರು. ಗೋಡೆ ಮೇಲಿನ ಜಸ್ಟಿನಿಯನ್ ಚಿತ್ರದಲ್ಲಿ ಚಕ್ರವರ್ತಿ ಪಕ್ಕ ಹೆಸರು ಬರೆದಿರೋದು ಇವರೊಬ್ಬರದ್ದೇ!

ಉತ್ತರ 3: ಗೋಡೆ ಚಿತ್ರದಲ್ಲಿ ಜಸ್ಟಿನಿಯನ್ ಹೆಂಡತಿ ಥಿಯೋಡೋರಾ ಸೆರಗಂಚು ನೋಡಿದ್ರಾ? ನೇರಳೆ ಬಟ್ಟೆ ಮೇಲೆ ಮಗು ಯೇಸುವಿಗೆ ಕಾಣಿಕೆ ಹೊತ್ತು ಬಂದ ಮೂವರು ಜ್ಞಾನಿಗಳ ಪುಟ್ಟ ಕಸೂತಿ ಇದೆ. ರಾಣಿ ಕೈಯಲ್ಲೂ ಕಾಣಿಕೆ ಪಾತ್ರೆ. ನಂಗೆ ಇಡೀ ಚರ್ಚಲ್ಲಿ ಅತೀ ಇಷ್ಟ ಆಗಿದ್ದು ಅದೇ.