ಸಹಾಯ ಬೇಕು: ನೇಪಾಳದಲ್ಲಿ ಸಭೆಯ ಮನೆಗಳಿಗೆ ಭೇಟಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯಿಂದ (ಚರ್ಚ್‌ನಿಂದ) ಆರು ಜನ ಮುಂದಿನ ತಿಂಗಳು ಪೋಖರಾಗೆ ಹೋಗುತ್ತಿದ್ದೇವೆ. ಅಲ್ಲಿಯ ಪಾಸ್ಟರ್ ಜೊತೆ ಸಭೆಯ ಕುಟುಂಬಗಳನ್ನು ಮನೆಮನೆಗೆ ಹೋಗಿ ನೋಡುವುದೇ ಮುಖ್ಯ ಕೆಲಸ. ನೇಪಾಳದಲ್ಲಿ ಇದ್ದು ಬಂದವರು ದಯವಿಟ್ಟು ಸಲಹೆ ಕೊಡಿ.

ಅಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಆರಾಧನೆಯೂ ಶನಿವಾರವೇ. 'ಜಯ ಮಸೀಹ' ಅಂತ ವಂದಿಸುತ್ತಾರೆ. ಇಷ್ಟು ಗೊತ್ತು. ಆದರೆ ಮನೆಯೊಳಗೆ ಹೇಗಿರಬೇಕು? ಒಂದೇ ದಿನ ನಾಲ್ಕೈದು ಮನೆಗಳಿವೆ. ಎಲ್ಲ ಕಡೆ ದಾಲ್ ಭಾತ್ ಬಡಿಸಿದರೆ ಬೇಡ ಅನ್ನುವುದು ಹೇಗೆ? ಪ್ರೀತಿಯಿಂದ ಕೊಟ್ಟದ್ದನ್ನು ಬಿಟ್ಟು ಏಳಲು ಮನಸ್ಸು ಬರಲ್ಲ, ಅಲ್ವಾ? ಕೈಗೆ ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಊರಿನ ಗೋಡಂಬಿ, ಕಾಫಿ ಪುಡಿ ಒಯ್ಯೋಣ ಅಂದುಕೊಂಡಿದ್ದೇನೆ. ಸಾಕಾ?

ನನ್ನ ದೊಡ್ಡ ಚಿಂತೆ ಬೇರೆ. ಮತಾಂತರ ಮಾಡಿಸುವುದನ್ನು ಅಲ್ಲಿಯ 2015ರ ಸಂವಿಧಾನವೇ ನಿಷೇಧಿಸಿದೆ. ಜೈಲು ಶಿಕ್ಷೆಯೂ ಇದೆ. ನಾವು ಹೋಗುವುದು ವಿಶ್ವಾಸಿಗಳ ಮನೆಗೆ ಮಾತ್ರ. ಆದರೂ ಒಂದೇ ಮನೆಯಲ್ಲಿ ಸೊಸೆ ಸಭೆಗೆ ಬರುತ್ತಾರೆ, ಅತ್ತೆ ಬರುವುದಿಲ್ಲ ಅಂತ ಇರಬಹುದು. ಅಲ್ಲಿ ಗಟ್ಟಿಯಾಗಿ ಪ್ರಾರ್ಥಿಸಬಹುದಾ? ಅಥವಾ ಸುಮ್ನೆ ಕೂತು ಕಷ್ಟಸುಖ ಕೇಳಿ ಬರುವುದೇ ಒಳ್ಳೆಯದಾ? ನಾವು ಎರಡು ವಾರ ಇದ್ದು ವಾಪಸ್ ಬರುತ್ತೇವೆ. ಅಕ್ಕಪಕ್ಕದವರ ಜೊತೆ ಬಾಳಬೇಕಾದವರು ಅವರು. ನಮ್ಮಿಂದ ಅವರಿಗೆ ತೊಂದರೆ ಆಗಬಾರದು. ಫೋಟೊ ತೆಗೆಯಲೇಬಾರದು ಅಂತ ನಾನು ತಂಡಕ್ಕೆ ಹೇಳಿದ್ದೇನೆ.

ಗಂಡಸರಿಲ್ಲದ ಮನೆಗಳು ಜಾಸ್ತಿಯಂತೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿರುತ್ತಾರೆ. ಅಂಥ ಮನೆಗೆ ನಮ್ಮ ತಂಡದ ಹೆಂಗಸರಷ್ಟೇ ಹೋದರೆ ಒಳ್ಳೆಯದಾ? ಅನುಭವ ಇದ್ದವರು ಕೆಳಗೆ ಬರೆಯಿರಿ, ಶುಕ್ರವಾರ ತಂಡದವರೆಲ್ಲ ಸೇರುತ್ತೇವೆ.